ಗೆದ್ದ ಹುಡುಗ ಊರು ಬಿಟ್ಟು ಓಡಿದ್ದೇಕೆ? – ‘ಚಂದು ಚಾಂಪಿಯನ್’ ಚಿತ್ರದ ನಿಮಿತ್ತ

ಸಿನೇಮಾದ ಸಲುವಾಗಿ ನಾವು ಈ ಪತ್ರಿಕೆಯ ಜಾಗವನ್ನು ಖರ್ಚು ಮಾಡುವುದು ಅಪರೂಪ. ಕಬ್ಬಿನ ಬಾಕಿ, ಕಾಲುವೆಯ ನೀರು, ಕೂಲಿಯ ದರ ಇವೇ ನಮ್ಮ ಪುಟಗಳನ್ನು ತುಂಬುತ್ತವೆ, ತುಂಬಬೇಕಾದದ್ದೂ ಅವೇ. “ಬಡವರ ಪತ್ರಿಕೆಗೆ ನಟರ ಗೊಡವೆ ಯಾಕೆ?” ಎಂದು ನಮ್ಮ ಮಿತ್ರರಲ್ಲಿ ಕೆಲವರು ಮೂಗು ಮುರಿಯುತ್ತಾರೆಂಬುದೂ ನಮಗೆ ಗೊತ್ತು. ಆದರೆ ಒಂದು ಚಿತ್ರಪಟವು ಲಕ್ಷಾವಧಿ ಜನರ ತಲೆಯಲ್ಲಿ ಒಂದು ವಿಚಾರವನ್ನು ಬಿತ್ತುತ್ತಿದ್ದರೆ, ಆ ವಿಚಾರದಲ್ಲಿ ಅರ್ಧ ನಿಜವೂ ಅರ್ಧ ಮರೆಮಾಚುವಿಕೆಯೂ ಇದ್ದರೆ, ಬಾಯಿ ಮುಚ್ಚಿಕೊಂಡಿರುವುದು ನಮ್ಮ ಧರ್ಮವಲ್ಲ. ಅದಕ್ಕಾಗಿ ಈ ವಾರ ಇಷ್ಟು ಜಾಗ.

2024ರ ಜೂನ್ 14ರಂದು ಬಿಡುಗಡೆಯಾದ ‘ಚಂದು ಚಾಂಪಿಯನ್’ ಎಂಬ ಹಿಂದಿ ಚಿತ್ರದ ಮಾತು ಇದು. ದಿಗ್ದರ್ಶಕರು ಕಬೀರ ಖಾನ್. ನಾಯಕನ ಪಾತ್ರ ಕಾರ್ತಿಕ ಆರ್ಯನ್ ಅವರದು. ಮುರಳೀಕಾಂತ ಪೇಟಕರ ಎಂಬ ಸೈನಿಕ, ಮುಷ್ಟಿಯುದ್ಧದ ಪಟು, ಆಮೇಲೆ ಈಜುಗಾರ, ಇವರ ಬಾಳನ್ನೇ ಚಿತ್ರವಾಗಿಸಿದ್ದಾರೆ. ಸೈನ್ಯದಲ್ಲಿ ಬಾಕ್ಸಿಂಗ ಕಲಿತು ಹೆಸರು ಮಾಡುತ್ತಿದ್ದ ಈ ಜವಾನನಿಗೆ 1965ರ ಪಾಕಿಸ್ತಾನದ ಯುದ್ಧದಲ್ಲಿ ಗುಂಡುಗಳು ತಗಲಿದವು. ಒಂದಲ್ಲ, ಒಂಬತ್ತು. ಸೊಂಟದ ಕೆಳಗಿನ ಶಕ್ತಿ ಹೋಯಿತು. ಅಂಥ ದೇಹದಿಂದ ಅವರು ಈಜು ಕಲಿತರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ ನಗರದಲ್ಲಿ ಅಂಗವಿಕಲರ ಜಾಗತಿಕ ಕ್ರೀಡಾಕೂಟ ನಡೆದಾಗ 50 ಮೀಟರ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ಬಂಗಾರದ ಪದಕ ತಂದರು. ಅದು ಆ ಪಂಗಡದಲ್ಲಿ ಜಾಗತಿಕ ದಾಖಲೆ. ಅಂಗವಿಕಲರ ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲನೆಯ ಬಂಗಾರ. ಎರಡನೆಯದನ್ನು ತರಲು ದೇವೇಂದ್ರ ಝಾಝರಿಯಾ ಅವರು 2004ರಲ್ಲಿ ಅಥೆನ್ಸಿಗೆ ಹೋಗಬೇಕಾಯಿತು. ನಡುವೆ ಮೂವತ್ತೆರಡು ವರ್ಷ.

ಪೇಟಕರ ನಮಗೆ ದೂರದವರೇನಲ್ಲ. ಸಾಂಗಲಿ ಜಿಲ್ಲೆಯ ವಾಳವಾ ತಾಲೂಕಿನಲ್ಲಿ, ಇಸ್ಲಾಂಪುರವೆಂದು ನಮ್ಮವರೆಲ್ಲ ಬಲ್ಲ ಊರಿನ ಹತ್ತಿರದ ಪೇಠ ಎಂಬಲ್ಲಿ 1944ರ ನವೆಂಬರ 1ರಂದು ಅವರು ಹುಟ್ಟಿದರು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ನಮ್ಮ ವಿಜಯಪುರ ಜಿಲ್ಲೆಗೆ ಒಡ್ಡಿಗೆ ಒಡ್ಡು ಹತ್ತಿದೆ. ಅಲ್ಲಿಯ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ತಿಕೋಟಾ, ಬಬಲೇಶ್ವರಗಳಲ್ಲಿ ಆ ಕಡೆಗೆ ಬೀಗತನವಿಲ್ಲದ ಮನೆ ಹುಡುಕುವುದು ಕಷ್ಟ. ನಮ್ಮ ಅರಕೇರಿಯ ಅಮೋಘಸಿದ್ಧನ ಜಾತ್ರೆಗೆ ಗಡಿಯಾಚೆಯ ಹಾಲುಮತದವರೂ ಪಲ್ಲಕ್ಕಿ ಹೊತ್ತು, ಡೊಳ್ಳು ಬಾರಿಸುತ್ತ ಬರುತ್ತಾರೆ. ವಾಳವಾ ತಾಲೂಕನ್ನು ತೋಯಿಸಿದ ಕೃಷ್ಣೆಯೇ ಮುಂದೆ ನಮ್ಮ ಆಲಮಟ್ಟಿಗೆ ಬಂದು ನಿಲ್ಲುತ್ತಾಳೆ. ಹೀಗಿರುವಾಗ ಇದು ನೆರೆಮನೆಯ ಹುಡುಗನ ಕಥೆ ಎಂದು ನಾವು ಹೇಳಿದರೆ ತಪ್ಪಾಗದು.

ಇಲ್ಲಿ ಒಂದು ಮಾತನ್ನು ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ. 1944ರ ವಾಳವಾ ತಾಲೂಕೆಂದರೆ ಸಾಮಾನ್ಯ ಜಾಗವಲ್ಲ. ಕ್ರಾಂತಿಸಿಂಹ ನಾನಾ ಪಾಟೀಲರು ಅದೇ ತಾಲೂಕಿನವರು. ಆಗಿನ ಸಾತಾರಾ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಬ್ರಿಟಿಷರ ಕಚೇರಿಗೆ ಎದುರಾಗಿ ಜನರೇ ನಡೆಸಿದ ‘ಪ್ರತಿಸರಕಾರ’ ಆ ವರ್ಷಗಳಲ್ಲಿ ಜೀವಂತವಾಗಿತ್ತು. ಸಾವುಕಾರನ ಕಾಟ, ಗೂಂಡಾನ ಕಾಟ ಎರಡನ್ನೂ ಅದು ವಿಚಾರಣೆಗೆ ಗುರಿಪಡಿಸಿತು. ಜನ ಪ್ರೀತಿಯಿಂದಲೂ ಭಯದಿಂದಲೂ ಅದನ್ನು ‘ಪತ್ರಿ ಸರಕಾರ’ ಎಂದರು. ಆ ಮಣ್ಣಿನಲ್ಲಿ ಹುಟ್ಟಿದ ಮಗುವಿನ ಕಥೆ ಹೇಳುವಾಗ ಚಿತ್ರಕ್ಕೆ ಇದಾವುದೂ ಬೇಕಾಗಿಲ್ಲ. ಚಿತ್ರದಲ್ಲಿ ಆ ಊರು ಹಸಿರು ಹೊಲ, ಕೆಂಪು ಮಣ್ಣು, ನಗುವ ಮಂದಿ ಇರುವ ಎಲ್ಲಿಯದೂ ಅಲ್ಲದ ಊರು.

ಅರಕೇರಿಯ ತರುಣರು ಒಂದು ಸಂಜೆ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಈ ಚಿತ್ರವನ್ನು ತೋರಿಸಿದಾಗ ನಾವೂ ಹೋಗಿದ್ದೆವು. ಹಿಂದಿ ಮಾತು ಅರ್ಧ ತಿಳಿದರೂ ಕುಸ್ತಿ, ಬಾಕ್ಸಿಂಗ ಪೂರ್ತಿ ತಿಳಿಯಿತು. ಹುಡುಗರು ಸಿಳ್ಳು ಹಾಕಿದರು. ಚಿತ್ರ ಮುಗಿದ ಮೇಲೆ ಕಂಬಳಿ ಹೊದ್ದು ಕೂತಿದ್ದ ಒಬ್ಬ ಮುದುಕರು, ತಮ್ಮ ಕಾಲಕ್ಕೆ ಮಣ್ಣಿನಲ್ಲಿ ಇಳಿದವರೇ ಇರಬೇಕು, ನಮ್ಮನ್ನು ಕೇಳಿದರು: “ಅಲ್ರೀ, ಗೆದ್ದಾಂವ ಯಾಕ ಓಡಬೇಕಾತು? ಸೋತಾಂವ ಅಲ್ಲೇನ್ರಿ ನಾಚಿ ಓಡೂದು?”

ಚಿತ್ರಮಂದಿರಗಳಲ್ಲಿ ಯಾರೂ ಕೇಳಿರಲಾರದ ಈ ಪ್ರಶ್ನೆಯೇ ಇಡೀ ಚಿತ್ರದ ಕೀಲಿ ಎಂದು ನಮಗೆ ತೋರುತ್ತದೆ. ಚಿತ್ರದಲ್ಲಿ ನಡೆಯುವುದಿಷ್ಟು: ತಾಲೀಮಿನಲ್ಲಿ ಎಲ್ಲರ ನಗೆಗೆ ಗುರಿಯಾದ ಬಡ ಹುಡುಗನನ್ನು ದೊಡ್ಡ ಮನೆತನದ ಹುಡುಗನ ಎದುರಿಗೆ ಬಿಡುತ್ತಾರೆ. ಸೋಲಲಿಕ್ಕೆಂದೇ ಬಿಟ್ಟದ್ದು. ಅವನು ಸೋಲುವುದಿಲ್ಲ. ಗೆದ್ದುಬಿಡುತ್ತಾನೆ. ಗೆದ್ದ ಮರುಕ್ಷಣ ಪ್ರಾಣ ಉಳಿಸಿಕೊಳ್ಳಲು ಓಡುತ್ತಾನೆ. ಓಡುವ ರೈಲು ಹತ್ತುತ್ತಾನೆ. ಆ ರೈಲು ಅವನನ್ನು ಸೈನ್ಯದ ಕಡೆಗೆ ಒಯ್ಯುತ್ತದೆ. ಇದನ್ನೆಲ್ಲ ನಗು ಬರಿಸುವ ಹಾಗೆ, ಹಿನ್ನೆಲೆಯಲ್ಲಿ ವಾದ್ಯ ಬಾರಿಸಿ ತೋರಿಸಿದ್ದಾರೆ. ಆದರೆ ಹಾಸ್ಯದ ಬಟ್ಟೆ ಕಳಚಿ ನೋಡಿರಿ. ಊರಿನ ನಡುವೆ, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ ನ್ಯಾಯವಾಗಿ ಗೆದ್ದ ಒಬ್ಬ ಹುಡುಗನಿಗೆ ತನ್ನ ಊರಿನಲ್ಲಿ ಒಂದು ರಾತ್ರಿ ಕಳೆಯುವ ಧೈರ್ಯವಿಲ್ಲ. ಯಾಕೆಂದರೆ ಯಾರನ್ನು ಕೆಡವಬಾರದಿತ್ತೋ ಅವರ ಮಗನನ್ನು ಅವನು ಕೆಡವಿದ್ದ.

ನಮ್ಮ ಕಡೆಯ ಕುಸ್ತಿಯ ಕಣವನ್ನು ಬಲ್ಲವರಿಗೆ ಇದು ಹೊಸದಲ್ಲ. ಜಾತ್ರೆಯ ಮೂರನೆಯ ದಿನ ಹಲಗೆ ಬಾರಿಸಿ ಜಂಗೀ ನಿಕಾಲಿ ಕುಸ್ತಿ ಸಾರುತ್ತಾರೆ. ಸಣ್ಣ ಹುಡುಗರಿಗೆ ತೆಂಗಿನಕಾಯಿ, ದೊಡ್ಡವರಿಗೆ ರೊಕ್ಕ, ಕೊನೆಯ ಜೋಡಿಗೆ ಬೆಳ್ಳಿಯ ಕಡೆ. ಮಣ್ಣಿನಲ್ಲಿ ಇಳಿದ ಮೇಲೆ ಜಾತಿಯಿಲ್ಲ, ಎಲ್ಲರೂ ಲಂಗೋಟಿಯವರೇ ಎಂದು ಹಿರಿಯರು ಭಾಷಣ ಮಾಡುತ್ತಾರೆ. ಮಾತು ಒಳ್ಳೆಯದೇ. ಆದರೆ ಮಣ್ಣಿಗೆ ಇಳಿಯುವ ಮೊದಲು ಜೋಡಿ ಕಟ್ಟುವವರು ಯಾರು? ಕಮಿಟಿಯವರು. ಕಮಿಟಿಯಲ್ಲಿ ಯಾರಿದ್ದಾರೆ? ಚಂದಾ ಹೆಚ್ಚಿಗೆ ಕೊಟ್ಟವರು. ಅವರ ಮನೆಯ ಹುಡುಗನಿಗೆ ಯಾವ ಜೋಡಿ, ಹೊಲಮಾಲಕನ ಆಳಿನ ಮಗನಿಗೆ ಯಾವ ಜೋಡಿ ಎಂಬುದು ಹಲಗೆ ಬಡಿಯುವ ಮೊದಲೇ ಗೊತ್ತಾಗಿರುತ್ತದೆ.

ಇನ್ನು ಖುರಾಕಿನ ಮಾತು. ಪೈಲವಾನನಾಗಬೇಕಾದರೆ ಹಾಲು, ತುಪ್ಪ, ಬದಾಮಿ, ಕಾಳು-ಕಡಿ ವರ್ಷಗಟ್ಟಲೆ ಹೊಟ್ಟೆಗೆ ಬೀಳಬೇಕು. ಆ ವರ್ಷಗಳಲ್ಲಿ ಅವನು ಕೂಲಿಗೆ ಹೋಗಬಾರದು. ಅಂದರೆ ಒಬ್ಬ ದುಡಿಯುವವನನ್ನು ಬಿಟ್ಟುಕೊಟ್ಟು, ಮೇಲೆ ಇಬ್ಬರ ಅನ್ನ ಅವನಿಗೆ ಹಾಕುವ ಶಕ್ತಿ ಮನೆಗೆ ಬೇಕು. ಜೋಳದ ರೊಟ್ಟಿ, ಹಿಂಡಿಪಲ್ಯೆ ಮನೆಯಲ್ಲಿ ಇದು ಆಗುವ ಮಾತೇ? ಆದ್ದರಿಂದ ಪೈಲವಾನನಿಗೆ ಯಾವಾಗಲೂ ಒಬ್ಬ ಧಣಿ ಬೇಕು. ಮೊದಲು ಸಂಸ್ಥಾನಿಕರಿದ್ದರು. ಕೊಲ್ಲಾಪುರದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ, ಅವರು ಕಟ್ಟಿಸಿದ ಖಾಸಬಾಗ ಮೈದಾನ ಇವನ್ನು ನಾವು ಗೌರವದಿಂದಲೇ ನೆನೆಯುತ್ತೇವೆ. ಆ ರಾಜರು ಬಡಜಾತಿಗಳ ಪಕ್ಷ ವಹಿಸಿದವರು. ಸಂಸ್ಥಾನಗಳು ಹೋದವು, ಆ ಗಾದಿಯ ಮೇಲೆ ಸಕ್ಕರೆ ಕಾರಖಾನೆಯವರು, ಪುಢಾರಿಗಳು ಬಂದು ಕೂತರು. ನಮ್ಮ ಬೆಳಗಾವಿ ಜಿಲ್ಲೆಯ ಎಕ್ಸಂಬಾದ ಶ್ರೀಪತಿ ಖಂಚನಾಳೆ ಅವರು 1959ರಲ್ಲಿ ಮೊತ್ತಮೊದಲ ‘ಹಿಂದ್ ಕೇಸರಿ’ ಆದರು. ಆ ಗಡಿಭಾಗದ ಪೈಲವಾನರ ಸಾಧನೆ ಅಷ್ಟು ದೊಡ್ಡದು. 2020ರ ಡಿಸೆಂಬರದಲ್ಲಿ ಅವರು ತೀರಿಕೊಂಡಾಗ ನಮ್ಮ ಎಷ್ಟು ಶಾಲೆಗಳ ಮಕ್ಕಳಿಗೆ ಆ ಹೆಸರು ಗೊತ್ತಿತ್ತೆಂಬುದನ್ನು ವಾಚಕರೇ ಊಹಿಸಲಿ.

ಚಿತ್ರದಲ್ಲಿ ಬಾಲಕ ಮುರಳಿಗೆ ಕನಸು ಹತ್ತಿಸುವುದು ಖಾಶಾಬಾ ಜಾಧವರ ಮೆರವಣಿಗೆ. ಕರಾಡದ ಹತ್ತಿರದ ಗೋಳೇಶ್ವರದ ಈ ಕುಸ್ತಿಪಟು 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಒಬ್ಬ ವ್ಯಕ್ತಿಗೆ ಬಂದ ಮೊದಲ ಒಲಿಂಪಿಕ್ ಪದಕ ಅದು. ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ ಅವರನ್ನು ಎದುರುಗೊಂಡಿತು. ಚಿತ್ರದಲ್ಲಿ ಆ ದೃಶ್ಯ ಸೊಗಸಾಗಿದೆ. ಆದರೆ ಗಾಡಿಗಳ ಹಿಂದಿನ ಲೆಕ್ಕ ಚಿತ್ರದಲ್ಲಿಲ್ಲ. ಹೆಲ್ಸಿಂಕಿಗೆ ಹೋಗಲು ಖಾಶಾಬಾ ಅವರ ಕೈಯಲ್ಲಿ ಹಣವಿರಲಿಲ್ಲ. ಊರಿನವರು ಚಂದಾ ಎತ್ತಿದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. ಪದಕ ಗೆದ್ದು ಬಂದ ಮೇಲೆ ಖಾಶಾಬಾ ಕುಸ್ತಿಯ ಪಂದ್ಯಗಳನ್ನು ಏರ್ಪಡಿಸಿ, ತಾವೇ ಕಣಕ್ಕಿಳಿದು, ಬಂದ ಹಣದಿಂದ ಗುರುವಿನ ಮನೆಯನ್ನು ಬಿಡಿಸಿಕೊಟ್ಟರು. ದೇಶದ ಪದಕ ಒಬ್ಬ ಮೇಷ್ಟರ ಮನೆಯ ಒತ್ತೆಪತ್ರದ ಮೇಲೆ ಬಂತು. ಖಾಶಾಬಾ 1955ರಲ್ಲಿ ಪೊಲೀಸ ಇಲಾಖೆ ಸೇರಿದರು. 1984ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತು ಹದಿನಾರು ವರ್ಷವಾದ ಮೇಲೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಮೆರವಣಿಗೆಯನ್ನು ತೋರಿಸಿ ಒತ್ತೆಪತ್ರವನ್ನು ಮುಚ್ಚಿಡುವುದು ಇಂಥ ಚಿತ್ರಗಳ ಪದ್ಧತಿಯೇ ಆಗಿದೆ.

ಊರಿನಲ್ಲಿ ಜಾಗವಿಲ್ಲದ ಹುಡುಗನಿಗೆ ಉಳಿದ ದಾರಿ ಯಾವುದು? ಸೈನ್ಯ. ಪೇಟಕರರಿಗೆ ಬಾಕ್ಸಿಂಗದ ಕೈಚೀಲ ಸಿಕ್ಕಿದ್ದು ಸೈನ್ಯದ ಇ.ಎಂ.ಇ. ದಳದಲ್ಲಿ, ಸಿಕಂದರಾಬಾದದಲ್ಲಿ. ಹೊಟ್ಟೆತುಂಬ ಊಟ, ಬೂಟು, ಕಲಿಸುವ ಉಸ್ತಾದ, ಕಲಿಯಲು ಸಮಯ ಈ ನಾಲ್ಕೂ ಒಬ್ಬ ಬಡವನ ಮಗನಿಗೆ ಒಟ್ಟಿಗೆ ದೊರೆತದ್ದು ಅಲ್ಲಿಯೇ. ಅದಕ್ಕಾಗಿ ನಾವು ಸೈನ್ಯವನ್ನು ಹಳಿಯುವುದಿಲ್ಲ. ಕೇಳುವುದು ಇಷ್ಟೇ: ಆ ನಾಲ್ಕು ವಸ್ತುಗಳು ಬಂದೂಕು ಹಿಡಿಯಲು ಒಪ್ಪಿದವನಿಗೆ ಮಾತ್ರ ಏಕೆ ಸಿಗಬೇಕು? ಕೂಲಿಕಾರನ ಮಗನಿಗೆ ತನ್ನ ತಾಲೂಕಿನಲ್ಲಿಯೇ ಏಕೆ ಸಿಗಬಾರದು? 1964ರಲ್ಲಿ ಪೇಟಕರ ಸೇನಾಪಡೆಗಳ ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಟೋಕಿಯೋಕ್ಕೆ ಹೋದರು. ಮರುವರ್ಷವೇ ಯುದ್ಧ.

ಅದೇ 1964ರ ಫೆಬ್ರುವರಿಯಲ್ಲಿ ಅಮೇರಿಕೆಯಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಕರಿಯ ತರುಣ ಸನ್ನಿ ಲಿಸ್ಟನ್ನನನ್ನು ಸೋಲಿಸಿ ಜಗಜ್ಜೆಟ್ಟಿಯಾದ. ಮುಹಮ್ಮದ ಅಲಿ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್ನಿನಲ್ಲಿ ಅವರು ವಿಯೆಟ್ನಾಮಿನ ಯುದ್ಧಕ್ಕೆ ಹೋಗಲಾರೆನೆಂದು ಸೈನ್ಯಕ್ಕೆ ಸೇರಲು ನಿರಾಕರಿಸಿದರು. ಪದವಿ ಕಸಿದುಕೊಂಡರು, ಕಣಕ್ಕಿಳಿಯಲು ಬಿಡಲಿಲ್ಲ, ಐದು ವರ್ಷದ ಶಿಕ್ಷೆ ವಿಧಿಸಿದರು. 1971ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಅವರ ಬಾಳನ್ನು ಕುರಿತು ಮೈಕಲ್ ಮಾನ್ ತೆಗೆದ ‘ಅಲಿ’ ಎಂಬ ಚಿತ್ರ 2001ರಲ್ಲಿ ಬಂತು. ಅದರಲ್ಲಿ ದೊಡ್ಡ ಕಾಳಗ ಕಣದ ಹೊರಗೆ, ಸರಕಾರದ ಸಂಗಡ. ನಮ್ಮ ಪೇಟಕರ ಯುದ್ಧಕ್ಕೆ ಹೋದವರು, ಅಲಿ ಹೋಗಲೊಲ್ಲೆನೆಂದವರು. ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಇಬ್ಬರ ಯುದ್ಧಗಳೂ ಬೇರೆ. ಆದರೆ ಕಣಕ್ಕಿಳಿದವನ ಬಾಳಿನಲ್ಲಿ ಎದುರಾಳಿ ಯಾರೆಂಬುದನ್ನು ಆ ಚಿತ್ರ ಹೆಸರು ಹಿಡಿದು ಹೇಳುತ್ತದೆ. ನಮ್ಮ ಚಿತ್ರದಲ್ಲಿ ಎದುರಾಳಿಯೆಂದರೆ ದೈವ, ಅಥವಾ ನಾಯಕನ ಮನಸ್ಸಿನೊಳಗಿನ ಅಳುಕು.

ಹೈಡೆಲ್‌ಬರ್ಗದ ಮಾತಿಗೆ ಬರೋಣ. 1972ರ ಒಲಿಂಪಿಕ್ಸ್ ನಡೆದದ್ದು ಮ್ಯೂನಿಕ್ಕಿನಲ್ಲಿ. ಅಂಗವಿಕಲರ ಕೂಟವೂ ಅಲ್ಲಿಯೇ ಆಗಬಹುದಿತ್ತು. ಆಗಲಿಲ್ಲ, ಯಾಕೆಂದರೆ ಆಟಗಾರರಿಗಾಗಿ ಕಟ್ಟಿದ ವಸತಿಯನ್ನು ಕೂಟ ಮುಗಿದೊಡನೆ ಖಾಸಗಿ ಮನೆಗಳನ್ನಾಗಿ ಮಾರ್ಪಡಿಸುವುದಿತ್ತು. ಗಾಲಿಕುರ್ಚಿಯವರಿಗಾಗಿ ತಡೆದುಕೊಳ್ಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹೀಗಾಗಿ ಆಗಸ್ಟ್ ಮೊದಲ ವಾರಗಳಲ್ಲಿ, ಒಲಿಂಪಿಕ್ಸಿಗಿಂತ ಮುಂಚೆ, ಬೇರೊಂದು ಊರಿನಲ್ಲಿ ಅವರ ಆಟ ಮುಗಿಯಿತು. ಧನದ ಲೆಕ್ಕ ಎಲ್ಲಿಯವರೆಗೆ ಕೈಚಾಚುತ್ತದೆಂಬುದಕ್ಕೆ ಇದೊಂದು ಉದಾಹರಣೆ. ನಮ್ಮ ದೇಶದ ಲೆಕ್ಕವೇನೂ ಉತ್ತಮವಾಗಿರಲಿಲ್ಲ. ಪೇಟಕರರಂಥವರಿಗೆ ಪರದೇಶಕ್ಕೆ ಹೋಗಲು ನೆರವಾದವರು ಹಳೆಯ ಕ್ರಿಕೆಟ್ ಆಟಗಾರ ವಿಜಯ ಮರ್ಚಂಟರು. ಮುಂಬಯಿಯ ಗಿರಣಿ ಮಾಲಕರ ಮನೆತನದವರು. ಮರ್ಚಂಟರು ಮಾಡಿದ್ದು ಪುಣ್ಯದ ಕೆಲಸ, ಅಲ್ಲವೆನ್ನಲು ನಾವು ಯಾರು? ಆದರೆ ದೇಶಕ್ಕಾಗಿ ಗುಂಡು ತಿಂದವನು ದೇಶದ ಪರವಾಗಿ ಈಜಲು ಒಬ್ಬ ಧನಿಕರ ಒಳ್ಳೆಯತನವನ್ನು ಕಾಯಬೇಕಾದದ್ದು ಯಾರ ಮಾನ ತೆಗೆಯುವ ಸಂಗತಿ? ಪದಕ ತಂದ ಮೇಲೆ ಪೇಟಕರ ಪುಣೆಯ ಟೆಲ್ಕೊ ಕಾರಖಾನೆಯಲ್ಲಿ ನೌಕರಿ ಮಾಡಿ ಸಂಸಾರ ಸಾಗಿಸಿದರು. ಅಂದರೆ ಅವರ ಆಯುಷ್ಯದ ಬಹುಭಾಗ ಒಬ್ಬ ಕಾರ್ಮಿಕನದು. ಚಿತ್ರಕ್ಕೆ ಕಣ ಬೇಕು, ಕೊಳ ಬೇಕು, ರಣರಂಗ ಬೇಕು; ಪಾಳಿಯ ಭೋಂಗಾ ಬೇಡ.

1982ರಲ್ಲಿ ಅವರು ಅರ್ಜುನ ಪ್ರಶಸ್ತಿಗೆ ಅರ್ಜಿ ಹಾಕಿಕೊಂಡಾಗ ಅಂಗವಿಕಲರೆಂಬ ಕಾರಣದಿಂದಲೇ ಅದು ತಿರಸ್ಕೃತವಾಯಿತು. ಪದ್ಮಶ್ರೀ ಬಂದದ್ದು 2018ರಲ್ಲಿ, ಪದಕದ ನಂತರ ನಲವತ್ತಾರು ವರ್ಷಕ್ಕೆ. ಸಿನೇಮಾ ಬಂದದ್ದು 2024ರಲ್ಲಿ. ಅರ್ಜುನ ಪ್ರಶಸ್ತಿ, ಅದೂ ಜೀವಮಾನದ ಸಾಧನೆಗಾಗಿ ಎಂಬ ಹೆಸರಿನಲ್ಲಿ, ಬಂದದ್ದು 2025ರ ಜನವರಿ 17ರಂದು. ಆಗ ಅವರಿಗೆ ಎಂಬತ್ತು ವಯಸ್ಸು. ಈ ಮೂರು ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿರಿ. ಸಿನೇಮಾ ಬಂದು ಏಳು ತಿಂಗಳಿಗೆ ಐವತ್ತಮೂರು ವರ್ಷದ ಮರೆವು ಕರಗಿತು. ಇದಕ್ಕೆ ಅದೇ ಕಾರಣವೋ ಅಲ್ಲವೋ ದಿಲ್ಲಿಯವರೇ ಬಲ್ಲರು. ಆದರೆ ತೆರೆಯ ಮೇಲೆ ಬಂದ ಮೇಲೆಯೇ ಕಣ್ಣಿಗೆ ಬೀಳುವ ಕಾಲ ಇದೆಂದು ಜನ ಆಡಿಕೊಳ್ಳುವುದಕ್ಕೆ ನಾವು ಅವರನ್ನು ದೂರಲಾರೆವು.

ನ್ಯಾಯವಾಗಿ ಹೇಳಬೇಕೆಂದರೆ ಚಿತ್ರ ಈ ಅನ್ಯಾಯವನ್ನು ಮುಚ್ಚಿಟ್ಟಿಲ್ಲ. ಮುದುಕ ಪೇಟಕರ ಪೊಲೀಸ ಠಾಣೆಗೆ ಹೋಗಿ, ತನಗೆ ಪ್ರಶಸ್ತಿ ಕೊಡದ ರಾಷ್ಟ್ರಪತಿಗಳ ಮೇಲೆ ದೂರು ಬರೆದುಕೊಳ್ಳಿರೆಂದು ಕೂಡುವಲ್ಲಿಂದಲೇ ಅದು ಮೊದಲಾಗುತ್ತದೆ. ಬಹಳ ಒಳ್ಳೆಯ ಮೊದಲು. ಹಿಂದಿ ಸಿನೇಮಾದಲ್ಲಿ ಒಬ್ಬ ಬಡವ ರಾಷ್ಟ್ರದ ಮೇಲೆ ಫಿರ್ಯಾದಿ ಕೊಡುವುದು ದಿನಾಲು ಕಾಣುವ ನೋಟವಲ್ಲ. ಆಸ್ಪತ್ರೆಯ ಭಾಗವೂ ನಮಗೆ ಮೆಚ್ಚುಗೆಯಾಯಿತು. ಉಸ್ತಾದ ಟೈಗರ ಅಲಿಯ ಪಾತ್ರದಲ್ಲಿ ವಿಜಯ ರಾಝ ಕಡಿಮೆ ಮಾತಿನಲ್ಲಿ ಹೆಚ್ಚು ಕೆಲಸ ಮಾಡಿದ್ದಾರೆ. ಆದರೆ ಆ ಫಿರ್ಯಾದಿ ಏನಾಗುತ್ತದೆ? ಪೊಲೀಸರ ಕಣ್ಣಲ್ಲಿ ನೀರು ಬರುತ್ತದೆ, ಪ್ರಶಸ್ತಿಯ ಸುದ್ದಿ ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಪಾದಿತನನ್ನು ಯಾರೂ ಕಟಕಟೆಗೆ ಕರೆಯುವುದಿಲ್ಲ. ಒಬ್ಬನಿಗೆ ಪದಕ ತೊಡಿಸಿ ಸಾವಿರ ಜನರ ಫಿರ್ಯಾದಿಯನ್ನು ವಜಾ ಮಾಡುವ ಈ ಕಲೆ ನಮ್ಮ ಆಳರಸರಿಗೆ ಮೊದಲಿನಿಂದಲೂ ಬರುತ್ತದೆ. ಈಗ ಸಿನೇಮಾದವರೂ ಕಲಿತಿದ್ದಾರೆ.

ಇದು ನಮ್ಮ ದೇಶದ ರೋಗವೆಂದೇ ತಿಳಿಯಬೇಡಿರಿ. 2005ರಲ್ಲಿ ಅಮೇರಿಕೆಯಲ್ಲಿ ‘ಸಿಂಡರೆಲ್ಲಾ ಮ್ಯಾನ್’ ಎಂಬ ಚಿತ್ರ ಬಂತು. ಜೇಮ್ಸ್ ಬ್ರಾಡಕ್ ಎಂಬ ಮುಷ್ಟಿಯುದ್ಧದ ಪಟುವಿನ ಕಥೆ. 1930ರ ದಶಕದ ಮಹಾ ಮುಗ್ಗಟ್ಟಿನಲ್ಲಿ ಅವನು ಬಂದರಿನಲ್ಲಿ ಹಮಾಲಿ ಮಾಡಿದ, ಮಕ್ಕಳ ಹೊಟ್ಟೆಗಾಗಿ ಸರಕಾರದ ಪರಿಹಾರದ ಹಣ ತೆಗೆದುಕೊಂಡ. ಮುಂದೆ 1935ರಲ್ಲಿ ಮ್ಯಾಕ್ಸ್ ಬೇರ್ ಎಂಬವನನ್ನು ಸೋಲಿಸಿ ಜಗಜ್ಜೆಟ್ಟಿಯಾದ. ಗೆದ್ದು ಹಣ ಬಂದಾಗ ಅವನು ಪರಿಹಾರದ ಹಣವನ್ನು ಸರಕಾರಕ್ಕೆ ತಿರುಗಿ ಕೊಟ್ಟದ್ದು ನಿಜ. ಅವನ ಆತ್ಮಗೌರವಕ್ಕೆ ನಮ್ಮ ನಮಸ್ಕಾರ. ಆದರೆ ಆ ಹಣವನ್ನು ತಿರುಗಿ ಕೊಡುವ ದೃಶ್ಯಕ್ಕೆ ಚಿತ್ರ ಕೊಟ್ಟ ವೈಭವವನ್ನು ನೋಡಿದರೆ, ತಿರುಗಿ ಕೊಡಲಾಗದ ಲಕ್ಷಾಂತರ ಹಮಾಲರು ಏನೋ ಕಳ್ಳತನ ಮಾಡಿದರೆಂಬ ಭಾವನೆ ಹುಟ್ಟುತ್ತದೆ. ನಿರುದ್ಯೋಗಿಗೆ ಸಿಗುವ ಅನ್ನ ಸಾಲವಲ್ಲ. ಇನ್ನು 2014ರ ‘ಮೇರಿ ಕೋಮ್’ ಚಿತ್ರ. ಮಣಿಪುರದ ರೈತನ ಮಗಳು, 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ತಂದವಳು. ಅವಳ ಪಾತ್ರ ಮಾಡಿದವರು ಆ ನಾಡಿನವರಲ್ಲ, ಮುಂಬಯಿಯ ಪ್ರಿಯಾಂಕಾ ಚೋಪ್ರಾ. ಬಂಡುಕೋರ ಸಂಘಟನೆಯೊಂದು 2000ದಿಂದ ಹಿಂದಿ ಚಿತ್ರಗಳಿಗೆ ಹಾಕಿದ ನಿಷೇಧದಿಂದಾಗಿ ಬಿಡುಗಡೆಯ ಹೊತ್ತಿಗೆ ಮಣಿಪುರದ ಚಿತ್ರಮಂದಿರಗಳಲ್ಲಿ ಅದನ್ನು ತೋರಿಸಲೂ ಆಗಲಿಲ್ಲ. ಅವಳ ಊರಿನವರನ್ನು ಬಿಟ್ಟು ದೇಶವೆಲ್ಲ ಅವಳ ಕಥೆ ನೋಡಿತು.

ಈ ಚಿತ್ರಗಳ ಮೂಲ ವಿಚಾರ ಒಂದೇ: ಮನಸ್ಸು ಮಾಡಿದರೆ ಆಗದ್ದಿಲ್ಲ. ಕೇಳಲು ಹಿತವಾದ ಮಾತು. ಪೇಟಕರರ ಛಲವನ್ನು ಅಲ್ಲಗಳೆಯುವ ಅರ್ಹತೆ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಈ ಮಾತಿಗೆ ಹಿಂಬದಿಯೊಂದಿದೆ. ಮನಸ್ಸು ಮಾಡಿದರೆ ಆಗುತ್ತದೆ ಎಂದಾದರೆ, ಆಗದವನು ಮನಸ್ಸು ಮಾಡಲಿಲ್ಲ ಎಂದಾಯಿತು. ದೋಷ ಅವನದೇ. ಸರಕಾರ ಮುಕ್ತ, ಸಮಾಜ ಮುಕ್ತ. ಧನಿಕರಿಗೆ ಇದಕ್ಕಿಂತ ಪ್ರಿಯವಾದ ತತ್ವಜ್ಞಾನ ಇನ್ನೊಂದಿಲ್ಲ.

ಅರಕೇರಿಯಲ್ಲಿ ಆ ರಾತ್ರಿ ಎರಡನೆಯ ಪ್ರಶ್ನೆ ಕೇಳಿದವನು ಒಬ್ಬ ತರುಣ. ಚಿಕ್ಕಂದಿನಲ್ಲಿ ಪೋಲಿಯೋದಿಂದ ಒಂದು ಕಾಲು ಹೋಗಿದೆ, ಬಗಲಲ್ಲಿ ಕೋಲು. “ಅಣ್ಣಾರ, ಗುಂಡು ಬಡದ ಮ್ಯಾಲೆ ಅವರಿಗೆ ತಿಂಗಳಾ ತಿಂಗಳಾ ರೊಕ್ಕ ಬರ್ತಿತ್ತೇನ್ರಿ?” ಪಕ್ಕದ ಹುಡುಗರು ನಕ್ಕರು. ಇಂಥ ದೊಡ್ಡ ಚಿತ್ರ ನೋಡಿ ಇವನು ಪೆನ್ಶನ್ನಿನ ಮಾತು ತೆಗೆಯುತ್ತಾನಲ್ಲ ಎಂದು. ನಾವು ನಗಲಿಲ್ಲ. ಆ ರಾತ್ರಿ ಅಲ್ಲಿ ಕೂತವರಲ್ಲಿ ಚಿತ್ರವನ್ನು ಅತ್ಯಂತ ಸರಿಯಾಗಿ ನೋಡಿದವನು ಅವನೇ.

ಆ ಲೆಕ್ಕವನ್ನೇ ನೋಡೋಣ. ಬಡತನದ ರೇಖೆಯ ಕೆಳಗಿದ್ದು, ಅಂ​ಗವೈಕಲ್ಯ ನೂರಕ್ಕೆ 80ರಷ್ಟಿದ್ದರೆ ಕೇಂದ್ರ ಸರಕಾರ ಇಂದಿರಾ ಗಾಂಧಿಯವರ ಹೆಸರಿನ ಯೋಜನೆಯಲ್ಲಿ ತಿಂಗಳಿಗೆ ಕೊಡುವ ಪಾಲು 300 ರೂಪಾಯಿ. 2012ರಲ್ಲಿ ಆದ ದರ. ಅಲ್ಲಿಂದ ಇಲ್ಲಿಯವರೆಗೆ ಜೋಳದ ದರ ಏರಿತು, ಎಣ್ಣೆಯ ದರ ಏರಿತು, ಶಾಸಕರ ಪಗಾರವೂ ಏರಿತು. ಆ ಮುನ್ನೂರು ಮಾತ್ರ ಕೂತಲ್ಲಿಯೇ ಕೂತಿದೆ. ರಾಜ್ಯ ಸರಕಾರ ತನ್ನ ಪಾಲನ್ನು ಸೇರಿಸಿ ಕೊಡುತ್ತದೆಂಬುದು ಸಮಾಧಾನದ ಸಂಗತಿ, ಆದರೂ ಕೇಂದ್ರದ ಲೆಕ್ಕ ಕೇಂದ್ರದ್ದೇ. ದಿನಕ್ಕೆ ಹತ್ತು ರೂಪಾಯಿ. 1963ರಲ್ಲಿ ಡಾ. ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದುನಿಂತು ಕೋಟ್ಯವಧಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಸರಕಾರದ ಲೆಕ್ಕವನ್ನು ಜಗ್ಗಿ ಕೇಳಿದ್ದರು. ಇಂದು ಈ ಹತ್ತು ರೂಪಾಯಿಯ ಲೆಕ್ಕ ಕೇಳುವವರು ಆ ಸಭೆಯಲ್ಲಿ ಎಷ್ಟು ಜನರಿದ್ದಾರೆ? ದೊಡ್ಡ ನಗರದ ಚಿತ್ರಮಂದಿರದಲ್ಲಿ ‘ಚಂದು ಚಾಂಪಿಯನ್’ ನೋಡಲು ಒಬ್ಬನಿಗೆ ಹತ್ತುವ ಖರ್ಚು ಸುಮಾರು ಅಷ್ಟೇ, ಮುನ್ನೂರು. ಒಂದು ಅಂಗವಿಕಲನ ತಿಂಗಳು, ಒಂದು ಅಂಗವಿಕಲನ ಸಿನೇಮಾ.

ಪದಕ ತಂದವರ ಸ್ಥಿತಿ ಬದಲಾಗಿದೆ, ಒಪ್ಪುತ್ತೇವೆ. ನಮ್ಮ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರು 2012ರಲ್ಲಿ ಲಂಡನ್ನಿನಲ್ಲಿ ಎತ್ತರ ಜಿಗಿತಕ್ಕೆ ಬೆಳ್ಳಿ ತಂದರು. ಮರುವರ್ಷವೇ ಪದ್ಮಶ್ರೀ, ಅದರ ಮರುವರ್ಷ ಅರ್ಜುನ. 2024ರ ಪ್ಯಾರಿಸ್ ಕೂಟದಲ್ಲಿ ದೇಶಕ್ಕೆ 29 ಪದಕಗಳು ಬಂದವು, ಏಳು ಬಂಗಾರ. ಬಂಗಾರ ತಂದವರಿಗೆ ಕೇಂದ್ರ ಸರಕಾರ ತಲಾ 75 ಲಕ್ಷ ಕೊಟ್ಟಿತು. ಕೊಡಬೇಕಾದದ್ದೇ. ಆದರೆ 75 ಲಕ್ಷಕ್ಕೂ 300ಕ್ಕೂ ನಡುವಿನ ಈ ಕಂದರದಲ್ಲಿ ಏನಿದೆ? ಏನೂ ಇಲ್ಲ. ಗೆದ್ದರೆ ಆಕಾಶ, ಗೆಲ್ಲದಿದ್ದರೆ ದಿನಕ್ಕೆ ಹತ್ತು ರೂಪಾಯಿ. ಗೆಲ್ಲುವುದಕ್ಕೆ ಮೊದಲು ಬೇಕಾದ ಕೊಳ, ಗಾಲಿಕುರ್ಚಿ, ಕಲಿಸುವವರು, ಊರಿಂದ ಅಲ್ಲಿಯವರೆಗೆ ಹೋಗುವ ಬಸ್ಸಿನ ಮೆಟ್ಟಿಲು ಇವಕ್ಕೆಲ್ಲ ಮತ್ತೊಬ್ಬ ಮರ್ಚಂಟರನ್ನು ಕಾಯಬೇಕು.

2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯದೆ ಬಂತು. ಹಕ್ಕು ಎಂಬ ಶಬ್ದವೇ ಅದರ ಹೆಸರಿನಲ್ಲಿದೆ; ದಯೆ ಎಂಬುದಿಲ್ಲ. ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಗಾಲಿಕುರ್ಚಿಯವರು ಬರುವ ಹಾಗೆ ಮಾಡಬೇಕೆಂದು ಅದು ವಿಧಿಸಿತು. ನಿಯಮಗಳು 2017ರಲ್ಲಿ ಬಂದವು. ಗಡುವು 2022ಕ್ಕೆ ಮುಗಿಯಿತು. ವಾಚಕರು ತಮ್ಮ ತಮ್ಮ ಊರಿನ ಕಚೇರಿ, ಬ್ಯಾಂಕು, ಚಿತ್ರಮಂದಿರಗಳ ಮುಂದೆ ಒಮ್ಮೆ ನಿಂತು ಮೆಟ್ಟಿಲು ಎಣಿಸಿ ನೋಡಲಿ. ಗಾಲಿಕುರ್ಚಿಯ ನಾಯಕನ ಚಿತ್ರ ನಡೆಯುತ್ತಿರುವಲ್ಲಿ ಗಾಲಿಕುರ್ಚಿಯವನು ಬಾಗಿಲ ಹೊರಗೆ ಉಳಿಯಬೇಕಾದರೆ ಆ ಚಿತ್ರ ಯಾರಿಗಾಗಿ?

ನಮ್ಮ ಜಿಲ್ಲೆಯ ಹುಡುಗ-ಹುಡುಗಿಯರು ಸೈಕಲ್ ತುಳಿಯುವುದರಲ್ಲಿ ದೇಶದಲ್ಲಿಯೇ ಹೆಸರಾದವರು. ಅವರಿಗಾಗಿ ವಿಜಯಪುರದಲ್ಲಿ ಕಟ್ಟಲು ಹೊರಟ ಸೈಕಲ್ ಪಥ ಎಷ್ಟು ವರ್ಷ ಕುಂಟಿತೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಇಲ್ಲಿ ಮತ್ತೆ ಬರೆಯುವುದಿಲ್ಲ. ಮುಂದೆ ಅವರಲ್ಲೊಬ್ಬರು ಪದಕ ತಂದರೆ ಆ ಪಥದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರ ಸಾಲು ಮಾತ್ರ ಈಗಲೇ ಸಿದ್ಧವಾಗಿದೆ.

ತರುಣರ ಸಂಘದವರು ಬರುವ ಜಾತ್ರೆಯ ಕುಸ್ತಿಗೆ ಏನು ಮಾಡಬೇಕೆಂದು ನಮ್ಮನ್ನು ಕೇಳಿದ್ದಾರೆ. ನಾವು ಎರಡು ಮಾತು ಹೇಳಿ ಬಂದಿದ್ದೇವೆ. ಕಣದ ಒಂದು ಬದಿಗೆ ಮೆಟ್ಟಿಲಿಲ್ಲದೆ ಮಣ್ಣಿನ ಇಳಿಜಾರು ಮಾಡಿ, ಕೋಲಿನವರಿಗೂ ಗಾಲಿಯವರಿಗೂ ಮುಂದಿನ ಸಾಲು ಬಿಡಬೇಕು. ಇನ್ನು ಜೋಡಿ ಕಟ್ಟುವುದು ಮನೆತನ ನೋಡಿ ಅಲ್ಲ, ಚಂದಾ ಪಾವತಿ ನೋಡಿ ಅಲ್ಲ. ಹುಡುಗರನ್ನು ಎಲ್ಲರೆದುರಿಗೆ ನಿಲ್ಲಿಸಿ, ತೂಗಿ, ತೂಕಕ್ಕೆ ತೂಕ ಕಟ್ಟಬೇಕು. ಅದಕ್ಕೆ ಹೊಸದೇನೂ ಕೊಳ್ಳಬೇಕಾಗಿಲ್ಲ. ಅಡತಿ ಅಂಗಡಿಯಲ್ಲಿ ಜೋಳದ ಚೀಲ ತೂಗುವ ಕಾಟಾ ಒಂದು ದಿನದ ಮಟ್ಟಿಗೆ ಕೇಳಿ ತಂದರೆ ಸಾಕು.